ಬೈಸನ್ ಕೆರೆದ ಬಾಗಿಲು

ಕಲಾವಿದೆ ಡಾರ್ಲಾ ಒಳಗಿನಿಂದ ಎಷ್ಟು ನೂಕಿದರೂ ಕಕ್ಕಸಿನ ಬಾಗಿಲು ಅಲುಗಲಿಲ್ಲ. ಟ್ರಕ್ಕಿನಂಥ ಬೈಸನ್ ಕೋಣವೊಂದು ಆಚೆಯಿಂದ ಅದಕ್ಕೆ ಕತ್ತು ಕೊಟ್ಟು ಕೆರೆದುಕೊಳ್ಳುತ್ತಿತ್ತು.

“ವೇಡ್, ಓಡ್ಸೋ ಅದನ್ನ ಮಾರಾಯ!”

“ಹತ್ರ ಹೋಗೋ ಹಾಗಿಲ್ಲ ತಾಯಿ, ರೂಲ್ಸು!” ರೇಂಜರ್ ವೇಡ್ ದೂರದಿಂದಲೇ ಕೂಗಿದ. “ಈ ಸೀನಲ್ಲಿ ಹೀರೋ ಅವನೇ. ಅವನ ತುರಿಕೆ ಮುಗಿಯೋವರ್ಗೂ ನಿಂಗೆ ಎಂಟ್ರಿ ಇಲ್ಲ!”

ನ್ಯಾಷನಲ್ ಪಾರ್ಕಿನವರು ತಿಂಗಳಿಡೀ ಗುಡಿಸಲು ಕೊಟ್ಟು ಇರಿಸಿಕೊಂಡಿದ್ದಕ್ಕೆ ಬದಲಾಗಿ ಅವಳು ಒಂದು ಚಿತ್ರ ಬಿಟ್ಟು ಹೋಗಬೇಕಿತ್ತು. ಕೊಡುವ ದಿನ ಇವತ್ತೇ. ದಿನಾ ಬೆಟ್ಟ ಬರೆದಳು, ದಿನಾ ಹರಿದಳು. ಎಲ್ಲವೂ ಅಂಗಡಿ ಕ್ಯಾಲೆಂಡರಿನಂತೆಯೇ ಬಂದಿದ್ದವು. ಈಗ ಬಾಗಿಲ ಸಂದಿಯಲ್ಲಿ ಬೆಟ್ಟವೂ ಇಲ್ಲ, ಆಕಾಶವೂ ಇಲ್ಲ. ಕೆಸರು ಮೆತ್ತಿದ ಕಂದು ಉಣ್ಣೆ, ಅದರ ನಡುವೆ ಅವಳನ್ನೇ ದಿಟ್ಟಿಸುವ ಒಂದು ಕಣ್ಣು. ಬಿಸಿಯುಸಿರು ಮುಖಕ್ಕೆ ಬಡಿಯಿತು. ಓಡಲು ಜಾಗವಿಲ್ಲ. ಅವಳ ಕೈ ಜೇಬಿನಲ್ಲಿದ್ದ, ಚಿತ್ರ ಬರೆಯುವ ಇದ್ದಿಲು ಕಡ್ಡಿಯನ್ನು ಹಿಡಿದುಕೊಂಡಿತು.

ಎಷ್ಟೋ ಹೊತ್ತಿನ ಮೇಲೆ ಗೊರಸಿನ ಸದ್ದು ದೂರವಾಯಿತು.

“ಹೀರೋ ಹೊರಟ! ಬಾರಮ್ಮ ಆಚೆ!”

“ಬರ್ತೀನಿ ಇರು, ಮೊದ್ಲು ಸ್ಕ್ರೂಡ್ರೈವರ್ ತಗೊಂಡ್ ಬಾ,” ಎಂದಳು ಡಾರ್ಲಾ, ಮಸಿಯಾದ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ. “ನಿಮ್ಮ ಚಿತ್ರ ಬಾಗಿಲ ಮೇಲಿದೆ.”