ಇದನ್ನೂ ಓದಿ

ಇಂದುಮತಿಯ ಬ್ಲಾಗಿನಲ್ಲಿ ಹಾಡು, ಸಿನಿಮಾ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ರಾಜಕೀಯ ಬರೆಯಲು ಅವಳು ಬೇರೆ ಹೆಸರಿನಲ್ಲಿ ಇನ್ನೊಂದು ಬ್ಲಾಗ್ ಇಟ್ಟುಕೊಂಡಿದ್ದಳು. ಅದು ಅವಳದೆಂದು ಮನೆಯವರಿಗೂ ಹೇಳಿರಲಿಲ್ಲ. ‘ಇದನ್ನೂ ಓದಿ’ ಎಂದು ಹಾಡಿನ ಬ್ಲಾಗಿನಲ್ಲಿ ಅದಕ್ಕೆ ಲಿಂಕ್ ಕೊಟ್ಟಿದ್ದೇ ತಪ್ಪಾಯಿತು.

ಶಾಸಕರು ಕೆರೆ ಮುಚ್ಚಿಸಿ ಸೈಟು ಮಾಡಿಸಿದ ವಿಷಯ ಅಲ್ಲಿ ಬಂದ ಮಾರನೆಯ ದಿನವೇ ಅವರ ಕಡೆಯ ಇಬ್ಬರು ಬಂದು ಸೋಫಾದಲ್ಲಿ ಕುಳಿತರು. ಮನೆಯಲ್ಲಿ ಅವಳೂ ಮಾವ ರುದ್ರಯ್ಯನವರೂ ಮಾತ್ರ ಇದ್ದರು.

“ಓದಿ ಓದಿ ಅಂತ ಊರಿಗೆಲ್ಲ ಹೇಳ್ತೀರಲ್ಲ ಮೇಡಂ, ಅದನ್ನ ಬರೆಯೋನು ಯಾರು?”

“ನನಗೆ ಗೊತ್ತಿಲ್ಲ.”

“ನಿಮ್ಮ ಯಜಮಾನರು ಯಾವ ದಾರೀಲಿ ಮನೆಗೆ ಬರ್ತಾರೆ ಅಂತ ನಮಗೆ ಗೊತ್ತು.”

ಒಪ್ಪಿಕೊಂಡುಬಿಡೋಣ ಎಂದು ಅವಳು ಅಂದುಕೊಳ್ಳುವಷ್ಟರಲ್ಲಿ ಮಾವ ಟಿವಿ ಆರಿಸಿ ಎದ್ದು ನಿಂತರು.

“ಬರೆಯೋದು ನಾನು. ಅವಳನ್ನ ಬಿಡಿ.”

ಇಬ್ಬರೂ ನಕ್ಕರು. “ಸುಮ್ನಿರಿ ತಾತ. ನೀವೇ ಆದ್ರೆ ಮುಂದೆ ಏನು ಬರೀತೀರಿ, ಹೇಳಿ ನೋಡೋಣ.”

“ಕೆರೆಯ ಕಡತಕ್ಕೆ ಸಹಿ ಹಾಕಲು ಒಪ್ಪದ ಅಧಿಕಾರಿಯನ್ನು ರಾತ್ರೋರಾತ್ರಿ ಎತ್ತಂಗಡಿ ಮಾಡಿಸಿದ್ದು ಯಾರು?” ಮಾವ ಒಂದಿಷ್ಟೂ ತಡವರಿಸಲಿಲ್ಲ. “ಇದು ಮೊದಲ ಸಾಲು. ಪೂರ್ತಿ ಹೇಳ್ಲಾ?”

ಅವರ ನಗು ನಿಂತಿತು. ಇಂದುಮತಿ ಮಾವನ ಮುಖವನ್ನೇ ನೋಡಿದಳು.

ಆ ಸಾಲು ಅವಳ ಲ್ಯಾಪ್‌ಟಾಪಿನಲ್ಲೇ ಇತ್ತು, ಅದನ್ನವಳು ಇನ್ನೂ ಪ್ರಕಟಿಸಿರಲಿಲ್ಲ.