ಲಗ್ನ ಕೂಡಿಸಿದ ಹಿರಿಯರು

ಲಗ್ನಪತ್ರಿಕೆಯ ಕರಡಿನಲ್ಲಿ ತನ್ನ ಹೆಸರು ಮೂರನೆಯ ಸಾಲಿಗೆ ಇಳಿದದ್ದು ಕಂಡು ಚನ್ನಬಸಯ್ಯನ ಪಿತ್ತ ನೆತ್ತಿಗೇರಿತು. ಮನಗೂಳಿಯ ಪ್ರೆಸ್ಸಿನವನು ಕನ್ನಡಕ ಒರೆಸುತ್ತ ಕೂತ. ಹುಡುಗಿಯ ತಂದೆ ಸಿದ್ದಾರೂಢ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ.

“ಈ ಲಗ್ನ ಕೂಡಿಸಿದಾಂವ ಯಾರು?”

“ನೀವ ಅಲ್ರಿ, ಅಣ್ಣಾರ.”

“ಮತ್ತ ಅದನ್ನ ಬರಸು.”

ಬರೆಸಿದರು. ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ, ಫೋಟೊ ಸಮೇತ: ‘ಲಗ್ನ ಕೂಡಿಸಿದ ಹಿರಿಯರು, ಶ್ರೀ ಚನ್ನಬಸಯ್ಯನವರು, ಮಸೂತಿ.’

ಹುಡುಗಿ ಭಾಗ್ಯಜ್ಯೋತಿಗೆ ಹದಿನಾರು. ಹತ್ತನೆಯ ಇಯತ್ತೆಯಲ್ಲಿ ಶಾಲೆಗೇ ಮೊದಲಿಗಳು. ಕಾಲೇಜಿನ ಅರ್ಜಿ ತುಂಬಿಟ್ಟಿದ್ದಳು. ಅಷ್ಟರಲ್ಲಿ ಅಗರಖೇಡದಲ್ಲಿರುವ, ತನ್ನ ಹೆಂಡತಿಯ ತಮ್ಮನ ಮಗನಿಗೆ ಹೆಣ್ಣು ಬೇಕೆಂಬುದು ಚನ್ನಬಸಯ್ಯನಿಗೆ ನೆನಪಾಯಿತು. ಮನೆತನಕ್ಕೆ ಚನ್ನಬಸಯ್ಯನೇ ಹಿರಿಯ, ಅವನ ಮಾತಿಗೆ ಎದುರಿಲ್ಲ. ಹಿಂದೆ ಒಬ್ಬ ಎದುರಾಡಿದ್ದ. ಅವನ ಮನೆಯ ಸಾವಿಗೂ ಯಾರೂ ಹೋಗಲಿಲ್ಲ. ಸಿದ್ದಾರೂಢನಂತೂ ಬಾಯಿಸತ್ತವನು. ಮಗಳು ಎರಡು ದಿನ ಉಣ್ಣದೆ ಮಲಗಿದರೂ ‘ಅಣ್ಣಾರು ಹೇಳ್ಯಾರ’ ಎಂದು ಸುಮ್ಮನಾದ.

ಪ್ರೆಸ್ಸಿನಲ್ಲಿ ಮಾತ್ರ ಅವನು ಒಂದು ಮಾತಾಡಿದ. “ಊರ ಹಿರ್ಯಾರ ಹೆಸರೂ ಹಾಕಸೂಣೇನ್ರಿ? ಒಬ್ಬರೂ ತಪ್ಪಬಾರದು.”

ಜನ್ಮದಲ್ಲಿ ಮೊದಲ ಸಲ ಈ ಮನುಷ್ಯ ಬುದ್ಧಿಯ ಮಾತಾಡಿದ ಎನ್ನಿಸಿತು ಚನ್ನಬಸಯ್ಯನಿಗೆ. ಸುದ್ದಿ ಹಬ್ಬಿದ್ದೇ ತಡ, ಜನ ಮುಗಿಬಿದ್ದರು. ಸೊಸೈಟಿಯ ಅಧ್ಯಕ್ಷ ಬಂದ, ಮಾಜಿ ಅಧ್ಯಕ್ಷ ಬಂದ, ಮುಂದೆ ಆಗಬೇಕೆಂದವನೂ ಬಂದ. ‘ಸುಖಾಗಮನ ಬಯಸುವವರು’ ನಲವತ್ತೆರಡಾದರು. ವಧೂವರರ ಹೆಸರು ಮೂಲೆಗೆ ಸರಿಯಿತು. ಮಾಳಿಂಗಪ್ಪನ ಹೆಸರನ್ನು ಮಾತ್ರ ಚನ್ನಬಸಯ್ಯ ಹೊಡೆದುಹಾಕಿದ. ಹೊಲದ ಬದುವಿನ ಹಳೆಯ ಜಗಳ.

ದೇವರ ಪಾಲಿನ ಮೊದಲ ಪತ್ರಿಕೆಗೆ ಮಾತ್ರ ಅರಿಶಿನ ಹಚ್ಚುವುದು ಅವರ ಮನೆತನದ ಪದ್ಧತಿ. ಹಚ್ಚುವ ಕೈ ಹಿರಿಯನದೇ. ಚನ್ನಬಸಯ್ಯ ನಾಲ್ಕೂ ಮೂಲೆಗೆ ಹೆಬ್ಬೆರಳೊತ್ತಿ ಕೊಟ್ಟ. ಸಿದ್ದಾರೂಢ ಅದನ್ನು ಕಣ್ಣಿಗೊತ್ತಿಕೊಂಡು, ಗುಡಿಗೆಂದು ಬಾಗೇವಾಡಿಯ ಬಸ್ಸು ಹತ್ತಿದ, ಸಂಜೆಗೆ ಮರಳಿದ.

“ಮುಟ್ಟಿಸಿದೇನೊ?”

“ಕೈಯಾರೆ ಕೊಟ್ಟ ಬಂದೀನ್ರಿ, ಅಣ್ಣಾರ. ಇನ್ನ ಚಿಂತಿಲ್ಲ.”

ಲಗ್ನದ ಮುಂಜಾನೆ, ಒಲೆಯ ಮೇಲೆ ಹುಗ್ಗಿ ಕುದಿಯುವಾಗ, ಬಾಗೇವಾಡಿಯಿಂದ ಜೀಪು ಬಂದು ನಿಂತಿತು. ಮಕ್ಕಳ ರಕ್ಷಣೆಯ ಅಧಿಕಾರಿ ಪ್ರಿಯದರ್ಶಿನಿ, ಹಿಂದೆ ಇಬ್ಬರು ಪೊಲೀಸರು. ಅಧಿಕಾರಿಯ ಫೈಲಿನಲ್ಲಿ ಒಂದು ಪತ್ರಿಕೆ.

“ಹದಿನೆಂಟು ತುಂಬದ ಹುಡುಗಿ ಲಗ್ನ ಇದು. ಮಾಡಿದವರಷ್ಟ ಅಲ್ರಿ, ಕೂಡಿಸಿದವರು, ಕುಮ್ಮಕ್ಕು ಕೊಟ್ಟವರು, ಬಂದು ಅಕ್ಕಿಕಾಳು ಹಾಕಿದವರು, ಎಲ್ಲಾರೂ ಆರೋಪಿಗಳ. ಎರಡು ವರ್ಷದ ತನಕಾ ಜೈಲು. ಹೆಸರು ಓದ್ಲೇನ್ರಿ?”

ಓದಿದರು. ಅಧ್ಯಕ್ಷನಿಗೆ ತುರ್ತು ಮೀಟಿಂಗು ನೆನಪಾಯಿತು. ಮಾಜಿ ಅಧ್ಯಕ್ಷ, ತನ್ನ ಹೆಸರಿನವರು ಊರಲ್ಲಿ ನಾಲ್ವರಿದ್ದಾರೆಂದ. ಪತ್ರಿಕೆಯ ಮೊದಲ ಸಾಲಿಗಾಗಿ ಜಗಳಾಡಿದವರೆಲ್ಲ ಹಂದರದ ಕೊನೆಯ ಸಾಲಿಗೆ ಜಾರಿದರು. ಅಗರಖೇಡದ ಬೀಗರು ಆಗಲೇ ಕ್ರೂಸರ್ ಹತ್ತಿ ಕೂತಿದ್ದರು.

“ನನ್ನ ಹೆಸರ ಕೇಳದ ಹಾಕ್ಯಾರ್ರಿ,” ಎಂದ ಚನ್ನಬಸಯ್ಯ. ಈ ವಯಸ್ಸಿನಲ್ಲಿ ಜೈಲಿನ ಅನ್ನ ಉಣ್ಣಬೇಕೇ?

“ಫೋಟೊನೂ ಕೇಳದ ತಗದಾರೇನ್ರಿ?”

ಸಿದ್ದಾರೂಢ ತಲೆ ತಗ್ಗಿಸಿಯೇ ನಿಂತಿದ್ದ. “ಹಿರ್ಯಾರು ಬ್ಯಾಡ ಅಂದ್ರ ನಿಲ್ಲಸ್ತೇನ್ರಿ. ಅವರ ಮಾತ ನಾ ಮೀರಾಂವಲ್ಲ.”

ಚನ್ನಬಸಯ್ಯನಿಗೆ ಹೋದ ಜೀವ ಬಂದಂತಾಯಿತು. “ಬ್ಯಾಡಂದ್ರ ಬ್ಯಾಡ. ಹುಡುಗಿ ಕಲೀಲಿ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಒಳಗೆ ಭಾಗ್ಯಜ್ಯೋತಿ ಅಳುತ್ತಲೇ ಬಾಸಿಂಗ ಬಿಚ್ಚಿಟ್ಟಳು.

ಹದಿನೆಂಟಾಗುವವರೆಗೆ ಲಗ್ನದ ಮಾತೆತ್ತುವುದಿಲ್ಲವೆಂಬ ಮುಚ್ಚಳಿಕೆ ಸಿದ್ಧವಾಯಿತು. ಮೊದಲ ಸಹಿ ಹಿರಿಯರದೇ ಆಗಬೇಕೆಂದು ನಲವತ್ತೆರಡೂ ಮಂದಿ ಒಮ್ಮತದಿಂದ ಹೇಳಿದರು. ಬೀದಿಯಾಚೆ ಮಾಳಿಂಗಪ್ಪ ಕಟ್ಟೆಯ ಮೇಲೆ ಕೂತು ನಗುತ್ತಿದ್ದ. ಚಾಡಿ ಹೇಳಿದವನು ಇವನೇ, ಇವನ ಗ್ರಹಚಾರ ಬಿಡಿಸುತ್ತೇನೆ ಎಂದು ಹಲ್ಲು ಕಡಿಯುತ್ತ ಚನ್ನಬಸಯ್ಯ ಸಹಿಗೆ ಬಾಗಿದ. ಫೈಲಿನೊಳಗಿನ ಪತ್ರಿಕೆ ಆಗ ಪೂರ್ತಿ ಕಂಡಿತು.

ಅದರ ನಾಲ್ಕೂ ಮೂಲೆಗೆ, ಅರಿಶಿನದಲ್ಲಿ, ತನ್ನದೇ ಹೆಬ್ಬೆರಳಿನ ಗುರುತಿತ್ತು.