ಪಾಸ್ಟರ್ ಕೈಲ್‌ಗೆ ಬೇಕಾಗಿದ್ದ ಸಾಕ್ಷಿ

“ಸೀರೆ ಉಟ್ಟುಕೊಂಡು ಬನ್ನಿ ಜಯಾ. ಹಣೆಯ ಮೇಲೆ ಆ ಕೆಂಪು ಚುಕ್ಕೆಯೂ ಇರಲಿ. ಕೊನೆಗೆ ವೇದಿಕೆಯ ಮೇಲೆ ಎಲ್ಲರೆದುರು ಅದನ್ನು ಒರೆಸಿಬಿಡಿ, ಅಷ್ಟೆ,” ಎಂದ ಪಾಸ್ಟರ್ ಕೈಲ್. ಅಮೆರಿಕದ ಮೀರಾ ಮೆಸಾ ಎಂಬ ಊರಿನ ಕ್ರೈಸ್ತ ಶಾಲೆಗೆ ಅವನೇ ಮುಖ್ಯಸ್ಥ. ಹರಿದ ಜೀನ್ಸ್ ತೊಟ್ಟು ಪ್ರಾರ್ಥನೆಗೆ ಮೊದಲು ಡ್ರಮ್ಸ್ ಬಾರಿಸುತ್ತಿದ್ದ. ಅದಕ್ಕೆ ‘ಇಂದಿನ ಸಂಸ್ಕೃತಿಯೊಂದಿಗೆ ಸಂವಾದ’ ಎಂದು ಹೆಸರು ಬೇರೆ ಇಟ್ಟಿದ್ದ. ಶುಕ್ರವಾರದ ಸಭೆಗೆ ಅವನಿಗೊಂದು ಸಾಕ್ಷಿ ಬೇಕಿತ್ತು. ಕತ್ತಲಲ್ಲಿದ್ದೆ, ಬೆಳಕು ಕಂಡೆ ಎಂದು ಕಣ್ಣೀರಿಟ್ಟು ಹೇಳುವವರು ಬೇಕಿತ್ತು.

ಅಲ್ಲಿ ಗಣಿತ ಕಲಿಸುತ್ತಿದ್ದ ಜಯಾ ಮೊದಲು ನಕ್ಕಳು. “ನಮ್ಮ ಮನೆಯಲ್ಲಿ ಚುಕ್ಕೆ ಇಟ್ಟವರೇ ಇಲ್ಲ, ಪಾಸ್ಟರ್. ಹುಬ್ಬಳ್ಳಿಯಲ್ಲಿ ನಮ್ಮ ಮುತ್ತಜ್ಜನ ಅಜ್ಜನೇ ದೀಕ್ಷಾಸ್ನಾನ ಪಡೆದಿದ್ದ. ನಾನು ಹುಟ್ಟಿದ್ದೇ ಕ್ರೈಸ್ತಳಾಗಿ.”

“ಹಾಗಾದರೆ ನೀವು ಕರ್ತನನ್ನು ಕಂಡ ದಿನ ಯಾವುದು?”

“ದಿನ ಅಂತ ಯಾವುದೂ ಇಲ್ಲ. ಅಜ್ಜಿಯ ಸೆರಗು ಹಿಡಿದು ಸಭೆಗೆ ಹೋಗುತ್ತಿದ್ದೆ. ಅವನು ಅಲ್ಲೇ ಇದ್ದ.”

ಕೈಲ್‌ನ ಮುಖ ಸಪ್ಪಗಾಯಿತು. ಅವನಿಗೆ ಕರ್ತ ಸಿಕ್ಕಿದ್ದು 2006ರಲ್ಲಿ, ಎಂಟು ವರ್ಷದ ಹಿಂದೆ, ರೆಡೊಂಡೊ ಬೀಚಿನ ಅಲೆಯಲ್ಲಿ ಸರ್ಫಿಂಗ್ ಹಲಗೆಯಿಂದ ಉರುಳಿ ಉಪ್ಪುನೀರು ಕುಡಿದಾಗ. ನಿನ್ನೆ ಮೊನ್ನೆ ಕಣ್ಣುಬಿಟ್ಟವನು, ಐದು ತಲೆಮಾರು ಮೊಣಕಾಲೂರಿದ ಮನೆಯ ಹೆಣ್ಣುಮಗಳಿಗೆ ದೇವರ ಪರಿಚಯ ಮಾಡಿಸಲು ಹೊರಟಿದ್ದ! “ಸಾಕ್ಷಿಯೇ ಇಲ್ಲದವರು ಮಕ್ಕಳಿಗೆ ಏನು ಮಾದರಿ? ನಿಮ್ಮ ಮುಂದಿನ ವರ್ಷದ ಕೆಲಸದ ಬಗ್ಗೆ ಪ್ರಾರ್ಥಿಸುತ್ತೇನೆ,” ಎಂದ. ಕೈಲ್ ಯಾರ ಕೆಲಸದ ಬಗ್ಗೆ ಪ್ರಾರ್ಥಿಸಿದರೂ ಅವರು ಜೂನ್ ಬರುವಷ್ಟರಲ್ಲಿ ಗಂಟುಮೂಟೆ ಕಟ್ಟುತ್ತಿದ್ದರು. ಕೆಲಸ ಹೋದರೆ ಜಯಾಳ ವೀಸಾವೂ ಹೋಗುತ್ತಿತ್ತು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಹೆದರಿಕೆಯೂ ಆಯಿತು. ಆದರೆ ಕರ್ತನ ಹೆಸರಿನಲ್ಲಿ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. “ಆಗುವುದಿಲ್ಲ,” ಎಂದು ಎದ್ದು ಬಂದಳು.

ಶುಕ್ರವಾರ ವೇದಿಕೆ ಹತ್ತಿದವನು ವಿಕಾಸ್. ಬೆಂಗಳೂರಿನ ಬಸವನಗುಡಿಯ ಟೆಲಿಕಾಂ ಇಂಜಿನಿಯರ್. ಮಗಳು ಅಪೇಕ್ಷಾಳಿಗೆ ಅಮೆರಿಕದ ಗಾಳಿ ಸೋಕಬಾರದೆಂದು ಅವಳನ್ನು ಈ ಶಾಲೆಗೆ ಸೇರಿಸಿದ ಮಹಾನುಭಾವ. ಊರಿನಲ್ಲಿ ಇದಕ್ಕಿಂತ ಅಪ್ಪಟ ಅಮೆರಿಕ ಇನ್ನೊಂದಿರಲಿಲ್ಲ. ಹೈಸ್ಕೂಲಿನ ಸೀಟು ಮೊದಲು ವಿಶ್ವಾಸಿಗಳ ಮಕ್ಕಳಿಗೆ ಎಂದು ತಿಳಿದಿದ್ದೇ ತಡ, ಅವನಿಗೆ ಭಕ್ತಿ ಉಕ್ಕಿತ್ತು. ಹೋದ ವಾರವಷ್ಟೇ ಮನೆಯಲ್ಲಿ ಸತ್ಯನಾರಾಯಣ ಪೂಜೆ ಮಾಡಿಸಿ, ಜಯಾಳಿಗೂ ಪ್ರಸಾದದ ಡಬ್ಬಿ ಕಳಿಸಿದ್ದ.

ಮೈಮೇಲೆ ರೇಷ್ಮೆ ಜುಬ್ಬ, ಹಣೆ ತುಂಬ ಕುಂಕುಮ. “ಐ ವಾಸ್ ಇನ್ ಡಾರ್ಕ್‌ನೆಸ್,” ಎಂದು ಶುರುಮಾಡಿದವನು, ಹುಟ್ಟಿದಾಗಿನಿಂದ ವಿಗ್ರಹಗಳ ಭಯದಲ್ಲಿ ನಡುಗುತ್ತಿದ್ದೆ ಎಂದ. ಅವನು ಜನ್ಮದಲ್ಲಿ ನಡುಗಿದ್ದೇನಿದ್ದರೂ ಸಿಇಟಿ ರಿಸಲ್ಟಿನ ದಿನ. ಕರ್ಚೀಫು ತೆಗೆದು ಹಣೆ ಉಜ್ಜಿಕೊಂಡ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು, ಕೈಲ್ ಅವನನ್ನು ತಬ್ಬಿಕೊಂಡು ಬಿಕ್ಕಿಬಿಕ್ಕಿ ಅತ್ತ. ಹಿಂದಿನ ಸಾಲಿನಲ್ಲಿ ಕೂತಿದ್ದ ಜಯಾಳಿಗೆ ಇಬ್ಬರ ಮೇಲೂ ಹೇಸಿಗೆಯಾಯಿತು.

ಬಾಗಿಲಲ್ಲಿ ಕೈಲ್ ಅವಳನ್ನು ನಿಲ್ಲಿಸಿದ. “ವಿಕಾಸ್‌ನನ್ನು ನೋಡಿ ಕಲಿಯಿರಿ ಜಯಾ. ಅಂದಹಾಗೆ, ಪ್ರಾರ್ಥನೆಗೆ ಉತ್ತರ ಬಂತು. ನಿಮ್ಮ ಜಾಗಕ್ಕೆ ಬೇರೆಯವರು ಸಿಕ್ಕಿದ್ದಾರೆ.” ಅಷ್ಟು ಹೇಳಿ, ದೇವರು ಒಳ್ಳೆಯದು ಮಾಡಲಿ ಎಂದು ಭುಜ ತಟ್ಟಿ ಒಳಗೆ ಹೋದ.

ಪಾರ್ಕಿಂಗಿನಲ್ಲಿ ಅವಳು ಕಾರಿನ ಕೀ ಹುಡುಕುತ್ತಿದ್ದಾಗ ವಿಕಾಸ್ ಓಡಿಬಂದ.

“ಜಯಾ ಮೇಡಂ, ಒಂದ್ನಿಮಿಷ. ಭಾನುವಾರ ಬೀಚಲ್ಲಿ ಬ್ಯಾಪ್ಟಿಸಂ ಅಂತ ನನ್ನನ್ನ ನೀರಲ್ಲಿ ಮುಳುಗಿಸ್ತಾರಂತೆ. ಸೀಟ್ ಕನ್ಫರ್ಮ್ ಆಗ್ಬೇಕಂದ್ರೆ ಬರ್ಲೇಬೇಕಂತೆ. ನೀವು ಈ ಫೀಲ್ಡಲ್ಲಿ ಎಕ್ಸ್‌ಪೀರಿಯನ್ಸ್ ಇರೋರು...”

“ಯಾವ ಫೀಲ್ಡು?”

“ಅದೇ, ಕ್ರಿಶ್ಚಿಯಾನಿಟಿ. ಷರ್ಟೊಳಗೆ ಜನಿವಾರ ಇದ್ರೆ ಪ್ರಾಬ್ಲಂ ಇಲ್ಲ ತಾನೇ? ಆಮೇಲೆ, ಒಂದ್ಸಲ ಮುಳುಗಿ ಎದ್ರೆ ಪರ್ಮನೆಂಟಾಗಿ ಏನಾದ್ರೂ ಆಗ್ಬಿಡುತ್ತಾ?”

ಜಯಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕೈಲ್‌ನ ಮುಂದೆ ಹೊರಡದೆ ಉಳಿದಿದ್ದ ಮಾತು ಈಗ ಹುಬ್ಬಳ್ಳಿಯ ಕನ್ನಡದಲ್ಲಿ ಹೊರಬಿತ್ತು.

“ಮುಳುಗ್ರಿ, ಹೆದರಬ್ಯಾಡ್ರಿ. ಕಲ್ಲು ಎಷ್ಟ ಸಲ ನೀರಾಗ ಮುಳುಗಿದ್ರೂ ಒಳಗ ತೊಯ್ಯೂದಿಲ್ಲ.”